ಎಲೆ ಖಾಲಿಯಾಗುವ ತನಕ

ಕಿರುಬನ್ನಿಕೊಪ್ಪದ ಮಠಕ್ಕೆ ಗೋಪುರವಿಲ್ಲ, ಮಹಾದ್ವಾರವಿಲ್ಲ. ಎರಡು ಅಂಕಣದ ಮಣ್ಣಿನ ಮಾಳಿಗೆ, ಪಕ್ಕದಲ್ಲೊಂದು ಬಾವಿ, ಬಾವಿಯ ಮಗ್ಗುಲಿಗೆ ತಗಡು ಹೊದಿಸಿದ ದಾಸೋಹದ ಪಡಸಾಲೆ, ಇಷ್ಟೇ ಅದರ ವೈಭವ. ಪೂಜ್ಯ ಶ್ರೀ ನಿರಂಜನಯ್ಯ ಅಜ್ಜನವರು ಈ ಮಠದಲ್ಲಿ ಮೂವತ್ತೆಂಟು ವರ್ಷ ಇದ್ದರು. ಹೊಸದಾಗಿ ದರ್ಶನಕ್ಕೆ ಬಂದವರು ಗದ್ದುಗೆಯ ಕಡೆ ನೋಡಿ, ಪೂಜೆಯ ಕೋಣೆಯ ಕಡೆ ನೋಡಿ, ಎಲ್ಲಿಯೂ ಕಾಣದೆ, ಅಡುಗೆಮನೆಯ ಕಟ್ಟೆಯ ಮೇಲೆ ಮೊರ ಹಿಡಿದು ಗೋಧಿಯಲ್ಲಿನ ಕಲ್ಲು ಆರಿಸುತ್ತಿದ್ದ ಮುದುಕರನ್ನೇ "ಅಜ್ಜಾರು ಎಲ್ಲದಾರ್ರಿ?" ಎಂದು ಕೇಳುತ್ತಿದ್ದರು. "ಅದಾರ. ಉಣ್ಣಾಕ ಕುಂದರ್ರಿ, ಬರ್ತಾರ" ಎಂದು ಅಜ್ಜನವರೇ ಹೇಳಿ ಮತ್ತೆ ಮೊರದ ಕಡೆ ತಿರುಗುತ್ತಿದ್ದರು. ಆಮೇಲೆ ನಿಜ ತಿಳಿದು ನಾಲಗೆ ಕಚ್ಚಿಕೊಂಡವರ ಲೆಕ್ಕ ಇಟ್ಟವರಿಲ್ಲ.

ಅಂಥ ಒಂದು ಸೋಮವಾರ ಸಾವಂತ್ರೆವ್ವ ಎಂಬ ಅರವತ್ತೈದರ ಹೆಣ್ಣುಮಗಳು ಮೊಮ್ಮಗಳನ್ನು ಟೊಂಕದ ಮೇಲೆ ಹೊತ್ತುಕೊಂಡು ಮಠಕ್ಕೆ ಬಂದಳು. ಹಿಂದೆ ಸೊಸೆ ಮಹಾನಂದಾ ತಲೆ ತಗ್ಗಿಸಿಕೊಂಡು ಬಂದಳು. ಮೊಮ್ಮಗಳು ದಾಕ್ಷಾಯಣಿಗೆ ಆರು ತುಂಬಿತ್ತು. ಹುಟ್ಟಿದಾಗ ಬಹಳ ಹೊತ್ತು ಅಳದ ಕೂಸು ಅದು. ಬಲಗೈ ಮಣಿಕಟ್ಟಿನಲ್ಲಿ ಮಡಚಿ ಎದೆಗೆ ಅಂಟಿಕೊಂಡಂತೆ ಇರುತ್ತಿತ್ತು, ಎಡಗೈಯೂ ಹೇಳಿದ ಮಾತು ಕೇಳುತ್ತಿರಲಿಲ್ಲ. ಗೋಡೆ ಹಿಡಿದರೆ ನಿಲ್ಲುತ್ತಿದ್ದಳು. ಮಾತು ನಾಲ್ಕೈದು ಬರುತ್ತಿದ್ದವು, ಕಣ್ಣು ಮಾತ್ರ ನೂರು ಮಾತು ಆಡುತ್ತಿದ್ದವು.

ಅತ್ತೆ ಸೊಸೆಯರ ನಡುವೆ ನಾಲ್ಕು ತಿಂಗಳಿಂದ ಜಗಳ ನಡೆದಿತ್ತು. ತಾಲೂಕಿನಲ್ಲಿ ಇಂಥ ಮಕ್ಕಳಿಗಾಗಿ ಪ್ರತಿ ಗುರುವಾರ ಥೆರಪಿ ನಡೆಯುತ್ತಿತ್ತು. ಅಲ್ಲಿ ನಸೀಮಾ ಅಕ್ಕೋರು ಎಂಬುವರು ಮಕ್ಕಳ ಕೈಕಾಲು ಸಡಿಲಿಸುವುದು, ಕೂಡಿಸುವುದು, ನಿಲ್ಲಿಸುವುದು, ಉಣ್ಣಲು ಕಲಿಸುವುದು ಎಲ್ಲವನ್ನೂ ತಾಯಂದಿರಿಗೆ ತೋರಿಸಿಕೊಡುತ್ತಿದ್ದರು. ಮಹಾನಂದಾ ಎಂಟು ತಿಂಗಳು ತಪ್ಪದೆ ಹೋದಳು. ಒಂದು ಗುರುವಾರ ಸಾವಂತ್ರೆವ್ವ ತಾನೂ ಜೊತೆಗೆ ಹೋದದ್ದೇ ತಪ್ಪಾಯಿತು. ಕೂಸಿನ ಮುಂದೆ ಉಪ್ಪಿಟ್ಟಿನ ತಾಟು, ಕೂಸು ಅಳುತ್ತಿದೆ, ಅಕ್ಕೋರು ತಿನ್ನಿಸದೆ ಸುಮ್ಮನೆ ಕೂತಿದ್ದಾರೆ. ಸಾವಂತ್ರೆವ್ವನಿಗೆ ತಡೆಯಲಾಗಲಿಲ್ಲ. "ಹಸದ ಕೂಸಿನ ಹೊಟ್ಟಿ ಮ್ಯಾಲೆ ನಿಮ್ಮ ವಿದ್ಯಾ ತೋರಸ್ತೀರೇನು?" ಎಂದು ನಾಲ್ಕು ಮಂದಿಯ ಮುಂದೆ ಕೂಗಾಡಿ, ಮೊಮ್ಮಗಳನ್ನು ಎತ್ತಿಕೊಂಡು ಮನೆಗೆ ಬಂದವಳು ಮತ್ತೆ ಕಳಿಸಲಿಲ್ಲ.

ಅವಳದು ಹಟವೆಂದು ತಳ್ಳಿಹಾಕುವಂತಿಲ್ಲ. ಹುಟ್ಟಿದ ಮೂರನೆಯ ದಿನ ದವಾಖಾನೆಯವರು ಆಸೆ ಇಟ್ಟುಕೊಳ್ಳಬೇಡಿ ಎಂದಾಗ, ಚೀಪಲಾರದ ಆ ಬಾಯಿಗೆ ಹತ್ತಿಯ ಬತ್ತಿಯಿಂದ ಹನಿ ಹನಿ ಹಾಲು ಹಿಂಡಿದವಳು ಅವಳು. ಆ ದಿನದಿಂದ ಈವರೆಗೆ ಮನೆಯಲ್ಲಿ ಕೂಸಿನ ಒಂದು ತುತ್ತೂ ಅವಳ ಕೈ ತಪ್ಪಿ ಹೋಗಿರಲಿಲ್ಲ. ಇತ್ತ ಅಕ್ಕೋರು ಮಹಾನಂದಾಳಿಗೆ, ಬೆಳೆಯುವ ಮೈ, ಈಗ ಬಿಟ್ಟರೆ ಕೈ ಹಾಗೆಯೇ ಬಿಗಿದುಕೊಂಡು ಕೂರುತ್ತದೆ ಎಂದು ಹೇಳಿ ಕಳಿಸಿದ್ದರು. ಗಂಡನನ್ನು ಕೇಳಿದರೆ ಅವನು ಅಡಕೊತ್ತಿನಲ್ಲಿ ಸಿಕ್ಕ ಅಡಿಕೆಯಾಗಿದ್ದ. ಕಡೆಗೆ ಅಜ್ಜನವರು ಹೇಳಿದಂತೆ ನಡೆಯುವುದೆಂದು ಮನೆಯಲ್ಲಿ ಮಾತಾಯಿತು. ಸಾವಂತ್ರೆವ್ವ ಒಪ್ಪಿದ್ದು ಧೈರ್ಯದಿಂದಲೇ. ಕೂಸನ್ನು ಉಪವಾಸ ಕೆಡವಿ ಎಂದು ಯಾವ ಗುರು ಹೇಳಿಯಾನು?

ಅಜ್ಜನವರು ಮೊರ ಕೆಳಗಿಡದೆ ಇಬ್ಬರ ಮಾತನ್ನೂ ಪೂರ್ತಿ ಕೇಳಿದರು. ಕೂಸಿನ ಮುಖ ನೋಡಿ ನಕ್ಕರು. ಆಮೇಲೆ, "ಮೊದಲ ಪ್ರಸಾದ ಆಗಲಿ" ಎಂದರು.

ಆ ಮಠದ ದಾಸೋಹದ ಪದ್ಧತಿಯನ್ನು ಇಲ್ಲಿ ಹೇಳಬೇಕು. ಯಾರ ಮುಂದೆ ಎಲೆ ಬಿತ್ತೋ ಅವರು ಗುರುವಿನ ಅತಿಥಿ. ಅವರ ಎಲೆಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಪಂಕ್ತಿ ಕೂಡಿಯೇ ಏಳಬೇಕು, ಕಡೆಯ ಎಲೆ ಖಾಲಿಯಾಗುವ ತನಕ ಅಜ್ಜನವರೂ ಏಳುತ್ತಿರಲಿಲ್ಲ. ತುತ್ತು ತಿನ್ನಿಸಿಕೊಳ್ಳುವ ಕೂಸುಗಳು ತಾಯಿಯ ಎಲೆಯಲ್ಲೇ ಉಣ್ಣುತ್ತಿದ್ದುದರಿಂದ ಅವಕ್ಕೆ ಬೇರೆ ಎಲೆ ಹಾಕುವ ರೂಢಿ ಇರಲಿಲ್ಲ. ಬಡಿಸುವ ಮುದುಕಪ್ಪ ಆ ರೂಢಿಯಂತೆ ಅತ್ತೆಗೊಂದು, ಸೊಸೆಗೊಂದು ಮುತ್ತುಗದೆಲೆ ಹಾಕಿ ಮುಂದೆ ಹೋದ.

ಸಾವಂತ್ರೆವ್ವನಿಗೆ ಚುರುಕ್ ಎಂದಿತು. ಮದುವೆ ಮುಂಜಿಗಳಲ್ಲೂ ಜನ ಹೀಗೆಯೇ ಈ ಕೂಸನ್ನು ದಾಟಿ ಹೋಗುತ್ತಿದ್ದರು.

"ಯಪ್ಪಾ, ನನ್ನ ಮೊಮ್ಮಗಳಿಗೂ ಒಂದು ಎಲಿ ಹಾಕು. ಆಕೇನು ಎಣಿಕಿಗೆ ಇಲ್ಲದಾಕೀನು?" ಎಂದಳು.

ಮುದುಕಪ್ಪ ಪಂಕ್ತಿಯ ತುದಿಯಲ್ಲಿದ್ದ ಅಜ್ಜನವರ ಕಡೆ ನೋಡಿದ. ಅಜ್ಜನವರು ತಲೆಯಾಡಿಸಿದರು. ದಾಕ್ಷಾಯಣಿಯ ಮುಂದೆ ಎಲೆ ಬಿತ್ತು, ಎಲೆಗೆ ಗೋಧಿಹುಗ್ಗಿ ಬಿತ್ತು, ಅನ್ನ ಸಾರು ಬಿತ್ತು. ತನ್ನ ಹಳ್ಳವನ್ನು ಸಾವಂತ್ರೆವ್ವ ತಾನೇ ತೋಡಿಕೊಂಡಿದ್ದಳು.

ಪ್ರಾರ್ಥನೆ ಮುಗಿದು ಎಲ್ಲರೂ ಕೈ ಹಚ್ಚಿದರು. ಅವಳು ಎಂದಿನಂತೆ ಮೊಮ್ಮಗಳ ಎಲೆಯ ಕಡೆ ಕೈ ಚಾಚಿದಳು.

"ಯವ್ವಾ, ಅದು ಆಕಿ ಎಲಿ" ಎಂದ ಮುದುಕಪ್ಪ.

"ಈ ಕೂಸು ತಾನ ಉಣ್ಣಾಂಗಿಲ್ಲಪಾ."

"ಪದ್ಧತಿ ಐತೆವ್ವಾ."

"ಹಂಗಾರ ನನ್ನ ಎಲ್ಯಾಗಿಂದ ತಿನಸ್ತೀನಿ."

ಆಗ ಅಜ್ಜನವರು ತುದಿಯಿಂದ ಹೇಳಿದರು: "ತಿನಸ್ರಿ. ಆದ್ರ ಆಕಿ ಎಲಿ ಖಾಲಿ ಆಗೂದು ಹೆಂಗ?"

ಸಾವಂತ್ರೆವ್ವನ ಕೈ ನಡುವೆಯೇ ನಿಂತಿತು. "ಎಲಿ ತಗಿಸಿಬಿಡ್ರಿ ಅಜ್ಜಾರ, ತಪ್ಪಾತು" ಎಂದಳು. "ಹಾಕಿದ ಎಲಿ ತಗಿಯೂದಿಲ್ಲ ಯವ್ವಾ. ಉಣ್ಣಾಕ ಕುಂತವರನ್ನ ಎಬ್ಬಿಸಿದಂಗ ಆಗತೈತಿ" ಎಂದು ಹೇಳಿ ಅಜ್ಜನವರು ತಮ್ಮ ಎಲೆಯ ಕಡೆ ನೋಡಿದರು.

ಪಂಕ್ತಿಯಲ್ಲಿ ನಲವತ್ತು ಜನರಿದ್ದರು. ಒಬ್ಬೊಬ್ಬರದೇ ಊಟ ಮುಗಿಯುತ್ತ ಬಂತು. ದಾಕ್ಷಾಯಣಿ ಹುಗ್ಗಿಯನ್ನೇ ನೋಡುತ್ತಿದ್ದಳು. ಕೈಯನ್ನು ಎಲೆಗೆ ಇಳಿಸಲು ನೋಡಿದರೆ ಅದು ಮೇಲಕ್ಕೆ ಸೆಟೆಯುತ್ತಿತ್ತು. ಎರಡು ಸಲ, ಮೂರು ಸಲ ಹಾಗಾಯಿತು. ನಾಲ್ಕನೆಯ ಸಲಕ್ಕೆ ಮುಷ್ಟಿ ಅನ್ನಕ್ಕೆ ಬಡಿದು ಸಾರು ಪಕ್ಕದವರ ಧೋತರದ ಮೇಲೆ ಸಿಡಿಯಿತು. ಪಕ್ಕದವರು ಜವಳಿ ಅಂಗಡಿಯ ವೀರಭದ್ರಶೆಟ್ಟರು. ಎರಡೂವರೆಯ ಬಸ್ಸು ಹಿಡಿಯಬೇಕಿದ್ದ ಅವರು ಗಡಿಯಾರ ನೋಡಿಕೊಂಡರು, ಧೋತರ ನೋಡಿಕೊಂಡರು, ಅಜ್ಜನವರನ್ನು ನೋಡಿ ಸುಮ್ಮನಾದರು. ಕೂಸು ಅಳಲು ಶುರುಮಾಡಿತು.

ತಾಲೂಕಿನ ಆ ಕೋಣೆಯೇ ಇಲ್ಲಿ ಮತ್ತೆ ಎದುರಾದಂತೆ ಸಾವಂತ್ರೆವ್ವನಿಗೆ ಎನಿಸಿತು. ಅಂದು ಎತ್ತಿಕೊಂಡು ಹೋಗಿದ್ದಳು. ಇಂದು ಗುರುವಿನ ಪಂಕ್ತಿ, ಎದ್ದು ಹೋಗುವುದೆಲ್ಲಿಗೆ? ಅಜ್ಜನವರ ಮೇಲೂ ಅವಳಿಗೆ ಸಿಟ್ಟು ಬಂತು. ಇವರೂ ಆ ಅಕ್ಕೋರ ಹಾಗೆಯೇ ಕಲ್ಲೆದೆಯವರು ಎಂದುಕೊಂಡಳು.

ಅಷ್ಟರಲ್ಲಿ ಮಹಾನಂದಾ ಬಾಯಿ ಬಿಟ್ಟಳು. ಹಿರಿಯರ ಮುಂದೆ ಅವಳು ಎಂದೂ ಮಾತಾಡಿದವಳಲ್ಲ.

"ಅಜ್ಜಾರ, ಎಲಿ ಒಂದೀಟು ಎತ್ತರ ಇದ್ರ ಆಕಿಗೆ ಆಗತೈತ್ರಿ. ಮೊಳಕೈಗೆ ಆಸರಾ ಬೇಕ್ರಿ. ಥೆರಪಿ ಅಕ್ಕೋರು ಹಂಗ ಮಾಡಸ್ತಿದ್ರು. ಆದ್ರ ಮುಟ್ಟಬಾರದಂತ..."

"ಎಲಿಗೆ ಕೈ ಹಾಕಬ್ಯಾಡ್ರಿ ಅಂದೀವಿ ತಂಗಿ. ಕೂಸಿಗೆ ಆಸರಾ ಕೊಡಬ್ಯಾಡ್ರಿ ಅಂದಿಲ್ಲ."

ಹೀಗೆಂದು ಅಜ್ಜನವರು ತಾವು ಕುಳಿತ ಮಣೆಯನ್ನು ಕೆಳಗಿನಿಂದ ಎಳೆದು ತೆಗೆದು, ಬರಿ ನೆಲಕ್ಕೆ ಕುಳಿತು, ಮಣೆಯನ್ನು ಪಕ್ಕದವರ ಕಡೆ ಚಾಚಿದರು. ಪಂಕ್ತಿಗೆ ಪಂಕ್ತಿಯೇ ಬೆಚ್ಚಿತು. ಎಲ್ಲರ ಬಲಗೈ ಎಂಜಲು. ಗುರುವಿನ ಮಣೆಯನ್ನು ಎಡಗೈಲಿ ಹಿಡಿಯುವುದುಂಟೆ? ಪಕ್ಕದಲ್ಲಿದ್ದ ಹಿರಿಯರು ಹಿಡಿಯಲೂ ಆರದೆ ಬಿಡಲೂ ಆರದೆ ಕುಳಿತರು.

"ಯಾವ ಕೈ ಆದ್ರೇನ್ರಿ, ಮಣಿ ಮುಟ್ಟಿದ್ರ ಸಾಕು" ಎಂದರು ಅಜ್ಜನವರು.

ಮಣೆ ಎಡಗೈಯಿಂದ ಎಡಗೈಗೆ ಸಾಗಿ ಬಂತು. ಶೆಟ್ಟರೇ ಅದನ್ನು ಕೂಸಿನ ಮುಂದೆ ಇಟ್ಟರು. ಮುದುಕಪ್ಪ ಹಳೆಯ ಎಲೆಯ ಕೆಳಗೆ ಇನ್ನೊಂದು ಎಲೆ ತೂರಿಸಿ ಎತ್ತಿ ಮಣೆಯ ಮೇಲೆ ಇಟ್ಟ. ಬಡಿಸುವವನಿಗೆ ಮಾತ್ರ ಆ ಅಧಿಕಾರವಿತ್ತು. ಮಹಾನಂದಾ ಮಗಳ ಹಿಂದೆ ಸರಿದು ಕುಳಿತು, ಎದೆಗೆ ಆನಿಸಿಕೊಂಡು, ಒಂದು ಅಂಗೈಯಿಂದ ಮೊಳಕೈ ಹಿಡಿದಳು. ಹೆಬ್ಬೆರಳಿನಿಂದ ಮಣಿಕಟ್ಟನ್ನು ಮೆಲ್ಲಗೆ ತೀಡಿದಳು. ಬಿಗಿದ ಮುಷ್ಟಿ ಸ್ವಲ್ಪ ಬಿಚ್ಚಿತು.

ಮೊದಲನೆಯ ತುತ್ತು ಮಡಿಲಿಗೆ ಬಿತ್ತು. ಎರಡನೆಯದು ಮೂಗಿಗೆ ಹತ್ತಿತು. ಸಾವಂತ್ರೆವ್ವನ ಕೈ ತಾನಾಗಿಯೇ ಮುಂದೆ ಹೋಯಿತು. ಅದನ್ನು ಹಿಂದಕ್ಕೆಳೆದು, ಒಣಗಿದ ಎಂಜಲು ಕೈಯನ್ನು ತೊಡೆಯ ಕೆಳಗೆ ಇಟ್ಟು ಅದರ ಮೇಲೆಯೇ ಕುಳಿತಳು. ಹಾಗೆ ಕುಳಿತಾಗಲೇ ಅವಳು ಸೊಸೆಯ ಬೆರಳುಗಳನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದ್ದು. ಕೂಸಿನ ಕೈ ಎಲೆಯಿಂದ ಏಳುವಾಗ ಆ ಬೆರಳು ಹಿಡಿದಿರುತ್ತಿದ್ದವು. ತುಟಿಯ ಹತ್ತಿರ ಬರುತ್ತಲೇ ಬಿಡುತ್ತಿದ್ದವು. ಕೊನೆಯ ಎರಡು ಬೆರಳಿನಷ್ಟು ದಾರಿಯನ್ನು ಕೂಸು ತಾನೇ ಹೋಗುತ್ತಿತ್ತು.

ಮೂರನೆಯ ತುತ್ತು ಅರ್ಧ ಬಾಯಿಗೆ ಹೋಯಿತು. ದಾಕ್ಷಾಯಣಿ ಅದನ್ನು ನುಂಗಿ, ಮೂಗಿನ ಮೇಲೆ ಹುಗ್ಗಿ ಇಟ್ಟುಕೊಂಡೇ ಸುತ್ತಲೂ ನೋಡಿ, "ಅಜ್ಜೀ, ನಾ" ಎಂದಳು.

ಸಾವಂತ್ರೆವ್ವನಿಗೆ ಕಣ್ಣು ಮಂಜಾಗಿ ಎದುರಿನದು ಕಾಣಲಿಲ್ಲ. ಆ ಕೂಸಿಗೆ ಅವಳು ಸಾವಿರಗಟ್ಟಲೆ ತುತ್ತು ತಿನ್ನಿಸಿದ್ದಳು. ಯಾವ ತುತ್ತಿನ ನಂತರವೂ ಕೂಸಿನ ಮುಖದಲ್ಲಿ ಈ ಠೀವಿ ಬಂದಿರಲಿಲ್ಲ.

ಎಲೆ ಖಾಲಿಯಾಗಲು ಒಂದು ತಾಸು ಮೇಲಾಯಿತು. ಹುಗ್ಗಿಯೇನೋ ಬೆರಳಿಗೆ ಅಂಟಿ ಬರುತ್ತಿತ್ತು, ಅನ್ನ ಬಹಳ ಕಾಡಿತು. ನಡುವೆ ಎರಡು ಸಲ ಕೂಸು ದಣಿದು ತಾಯಿಗೆ ಒರಗಿತು, ಪಂಕ್ತಿ ಕಾದು ಕೂತಿತು. ಊರಾಚೆಯ ರಸ್ತೆಯಲ್ಲಿ ಎರಡೂವರೆಯ ಬಸ್ಸು ಹಾರ್ನ್ ಹಾಕಿ ಹೋಯಿತು. "ಹೋಗಲಿ ಬಿಡು, ನಾಲ್ಕಕ್ಕ ಇನ್ನೊಂದು ಐತಿ" ಎಂದು ಶೆಟ್ಟರು ಯಾರೂ ಕೇಳದಿದ್ದರೂ ಹೇಳಿದರು. ಕಡೆಯ ಅಗಳು ಹೋದ ಮೇಲೆ ಅಜ್ಜನವರು ಕೈ ಮುಗಿದು ಎದ್ದರು, ಅವರ ಹಿಂದೆ ನಲವತ್ತು ಜನ ಎದ್ದರು.

ಅಂದು ಮಠದಲ್ಲಿ ಯಾವ ಪವಾಡವೂ ಆಗಲಿಲ್ಲ ಎನ್ನುವವರಿದ್ದಾರೆ. ಕೂಸಿನ ಕೈ ಸೊಟ್ಟಗಿದ್ದದ್ದು ಸೊಟ್ಟಗೇ ಇತ್ತು, ನಿಜ. ಕೈ ತೊಳೆದ ಮೇಲೆ ಬಾವಿಯ ಹತ್ತಿರ ಸಾವಂತ್ರೆವ್ವ ಅಜ್ಜನವರ ಪಾದದ ಮೇಲೆ ಬಿದ್ದಳು.

"ಆರು ವರ್ಷ ಆಕಿ ಕೈ ನಾನ ಕಟ್ಟಿಹಾಕಿದ್ನೇನ್ರಿ ಅಜ್ಜಾರ?" ಎಂದು ಕೇಳಿದಳು. ಆ ಒಂದು ಮಾತಿಗೆ ಅವಳ ಪ್ರಾಣವೇ ಹೋಗುವಂತಿತ್ತು.

ಅಜ್ಜನವರು ಬಗ್ಗಿ ಅವಳನ್ನು ಎಬ್ಬಿಸಿದರು.

"ಇಲ್ಲ ತಾಯಿ. ಉಳಿಯಾಂಗಿಲ್ಲ ಅಂದ ಜೀವ ನೀವು ಉಳಿಸೀರಿ. ಇನ್ನ ಆಕಿ ಬದುಕು ಆಕಿ ಬದುಕಲಿ."

ಆಮೇಲೆ, "ಆ ಅಕ್ಕೋರಿಗೆ ನಮ್ಮ ಶರಣು ಹೇಳ್ರಿ. ಈ ಸುತ್ತಿನ ಹಳ್ಳ್ಯಾಗ ಇಂಥಾ ಮಕ್ಕಳು ಇನ್ನೂ ಅದಾವು, ಅಷ್ಟು ದೂರ ಹೊತಗೊಂಡು ಹೋಗೂದು ಎಲ್ಲರಿಗೂ ಆಗೂದಿಲ್ಲ. ವಾರದಾಗ ಒಂದು ದಿನ ನಮ್ಮ ಪಡಸಾಲಿ ಅವರದು ಅಂತ ಹೇಳ್ರಿ" ಎಂದರು. ಅಷ್ಟು ಹೇಳಿ ಮೊರದ ಕಡೆ ಹೋದರು.

ಆ ಗುರುವಾರ ಸಾವಂತ್ರೆವ್ವ ಸೊಸೆ ಮೊಮ್ಮಗಳೊಂದಿಗೆ ತಾಲೂಕಿಗೆ ಹೋದಳು. ಅವಳನ್ನು ಬಾಗಿಲಲ್ಲಿ ಕಂಡು ನಸೀಮಾ ಅಕ್ಕೋರು ಎದ್ದು ನಿಂತರು. ಕೂತಿದ್ದ ತಾಯಂದಿರು ಇನ್ನೊಂದು ಜಗಳಕ್ಕೆ ಸಿದ್ಧರಾದಂತೆ ತಮ್ಮ ತಮ್ಮ ಮಕ್ಕಳನ್ನು ಹತ್ತಿರ ಎಳೆದುಕೊಂಡರು. ಸಾವಂತ್ರೆವ್ವ ಅಜ್ಜನವರ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಅಕ್ಕೋರು ಕಣ್ಣೊರೆಸಿಕೊಂಡು, "ಬರ್ತೀನ್ರಿ, ಖಂಡಿತ ಬರ್ತೀನಿ. ನೀವು ಕೂಡ್ರಿ ಅಜ್ಜಿ" ಎಂದು ಕುರ್ಚಿ ಎಳೆದರು.

ಸಾವಂತ್ರೆವ್ವ ಕುರ್ಚಿಯ ಮೇಲೆ ಕೂರಲಿಲ್ಲ. ನೆಲದ ಮೇಲೆ, ತಾಯಂದಿರ ಸಾಲಿನಲ್ಲಿ, ಮೊಮ್ಮಗಳ ಹಿಂದೆ ಕುಳಿತು ತನ್ನ ಎರಡೂ ಕೈ ಮುಂದೆ ಚಾಚಿದಳು.

"ನನಗೂ ಕಲಸ್ರಿ ಅಕ್ಕೋರ. ಹಿಡಿಯೂದು ನನಗ ಬರತೈತಿ. ಬಿಡೂದು ಯಾವಾಗ ಅಂತ ಅಷ್ಟ ತೋರಸ್ರಿ."