ಕೆಂಡವ್ವನ ಬೆಳಕು ಗೆರೆ ಹಿಡಿದದ್ದು

ಕೆಂಡವ್ವನ ಕೈಲಿ ಇನ್ನು ಬೆಳಗುವುದಕ್ಕೆ ಆಗುವುದಿಲ್ಲ ಎಂದು ಮೊದಲು ಹೇಳಿದವಳು ಅವಳ ಸ್ವಂತ ಅಕ್ಕ ಬೆಳಗವ್ವ. ಆಮೇಲೆ ಗಾಳಿ ಹೇಳಿತು. ಆಮೇಲೆ ಎಲ್ಲರೂ ಹೇಳಿದರು. ಆಗ ಆಕಾಶದ ಅಂಗಳ ಸಾರಿಸಿ ಇನ್ನೂ ಒಣಗಿರಲಿಲ್ಲ, ಅಷ್ಟು ಹಿಂದಿನ ಮಾತು.

ಅಕ್ಕತಂಗಿ ಇಬ್ಬರೂ ನಕ್ಷತ್ರಗಳು. ಒಬ್ಬರನ್ನೊಬ್ಬರು ಸುತ್ತುತ್ತ ಬಾಳುತ್ತಿದ್ದರು. ಮೊದಲು ತಂಗಿಯೇ ಹೆಚ್ಚು ಹೊಳೆಯುತ್ತಿದ್ದಳು. ಒಂದು ದಿನ ಅವಳ ಒಡಲು ಸಿಡಿಯಿತು. ಉಳಿದದ್ದು ಒಂದು ಊರಿನಷ್ಟಗಲದ ಉಂಡೆ. ಗಾತ್ರ ಅಷ್ಟೇ, ತೂಕ ಮಾತ್ರ ಸೂರ್ಯನಿಗಿಂತ ಹೆಚ್ಚು.

“ಅಯ್ಯೋ ತಂಗಿ, ಬೂದಿಯಾದೆಯಲ್ಲೇ! ಇನ್ನು ನನ್ನ ಮಗ್ಗುಲಲ್ಲಿ ತೆಪ್ಪಗೆ ಕೂತಿರು,” ಎಂದಳು ಬೆಳಗವ್ವ. ಆ ಮಾತಿನಲ್ಲಿ ಮರುಕ ಇತ್ತು. ಸಂತೋಷ ಅದಕ್ಕಿಂತ ಹೆಚ್ಚಿತ್ತು.

ಕೆಂಡವ್ವ ಅಕ್ಕನ ಮೈತುಂಬ ಅರಳೆಯಂತೆ ಉಬ್ಬಿದ್ದ ಬಿಸಿ ಆವಿಯನ್ನು ನೋಡಿದಳು. ಹೊಟ್ಟೆ ಉರಿಯಿತು. ಮತ್ತೆ ನೋಡಿದಳು. ಮತ್ತೆ ಉರಿಯಿತು.

ತಂಗಿ ನೋಡುತ್ತಾಳೆಂದೇ ಬೆಳಗವ್ವ ಇನ್ನಷ್ಟು ಉಬ್ಬಿದಳು. ಆದರೆ ಆಕಾಶದಲ್ಲಿ ಬೆಳಕು ನೂಲುವವರಿಗೆ ಒಂದು ಕಟ್ಟಳೆ ಇತ್ತು: ಇಬ್ಬರ ನಡುವಿನ ಎಲ್ಲೆ ದಾಟಿ ಬಂದ ಅರಳೆ ಆಚೆಯವಳ ಪಾಲು. ಮೆರೆಯುವ ಭರದಲ್ಲಿ ಅಕ್ಕ ಅದನ್ನು ಮರೆತಳು. ಒಂದು ಎಳೆ ಎಲ್ಲೆ ದಾಟಿತು. ಕೆಂಡವ್ವ ಎಳೆದುಕೊಂಡಳು.

ಅರಳೆ ಸುಳಿಸುಳಿಯಾಗಿ ಬಂದು ಮೈಗೆ ತಾಗಿತು. ತಾಗಿದ್ದೇ, ನೂಲುವ ಕದಿರು ತಿರುಗಿದ ಹಾಗೆ ಅವಳು ತಿರುಗಿದಳು. ಇನ್ನಷ್ಟು ಎಳೆದಳು, ಇನ್ನಷ್ಟು ತಿರುಗಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ನೂರು ಸುತ್ತು! ಅರಳೆ ಬಿದ್ದ ಕಡೆ ಮೈ ಕಾದು, ಕಣ್ಣಿಗೆ ಕಾಣದ ಬೆಳಕು ಹೊರಟಿತು. ಆಸ್ಪತ್ರೆಯಲ್ಲಿ ಮೂಳೆ ನೋಡುವ ಎಕ್ಸ್-ರೇ ಇದೆಯಲ್ಲ, ಆ ಜಾತಿಯದು.

“ಕಳ್ಳಿ! ಅದು ನನ್ನ ಬೆಳಕು!” ಎಂದು ಬೆಳಗವ್ವ ಕೂಗಿದಳು.

“ಅರಳೆ ನಿನ್ನದು ಅಕ್ಕ. ಬೆಳಕು ನನ್ನದು.”

“ಕೊಟ್ಟವಳಿಲ್ಲದೆ ಉಟ್ಟವಳು ಎಲ್ಲಿಂದ ಬಂದಳೇ?”

ಜಗಳ ಬಾಲಚುಕ್ಕಿ ಅಜ್ಜಿಯ ಮುಂದೆ ಹೋಯಿತು. ಆಕಾಶವೆಲ್ಲ ಅಲೆಯುವ ಮುದುಕಿ ಅವಳು. ಕೈಯಲ್ಲಿ ಒಂದು ಮೊರ, ಮೊರದಲ್ಲಿ ಹಿಟ್ಟಿನಂಥ ಧೂಳು.

“ಬೆಳಕು ಅಕ್ಕನದಾದರೆ ಧೂಳನ್ನು ಅಕ್ಕನ ಹಾಗೇ ಕುಣಿಸುತ್ತದೆ. ಆಗ ಕೆಂಡವ್ವ ಎಲ್ಲವನ್ನೂ ಕೊಟ್ಟು ಬೂದಿಯಾಗಿ ಕೂರಬೇಕು,” ಎಂದಳು ಅಜ್ಜಿ.

ಬೆಳಗವ್ವ ಮೊರದ ಮೇಲೆ ಬೆಳಕು ಚೆಲ್ಲಿದಳು. ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಧೂಳು ದಿಕ್ಕುದಿಕ್ಕಿಗೂ ಹಾರಿತು.

ಕೆಂಡವ್ವ ಚೆಲ್ಲಿದಳು. ಅದೂ ಹಾಗೇ ಸಿಡಿಯಿತು.

“ನೋಡಿದಿರಾ! ನಾನು ಹೇಳಲಿಲ್ಲವೇ?” ಬೆಳಗವ್ವ ನಕ್ಕಳು.

“ಬಾಯಿ ಮುಚ್ಚೇ. ನಾನಿನ್ನೂ ಎಣಿಸುತ್ತಿದ್ದೇನೆ,” ಎಂದಳು ಅಜ್ಜಿ.

ಅವಳು ಒಂದೊಂದೇ ಕಣ ಎಣಿಸಿದಳು. ಗಾಳಿಗೆ ಆಕಳಿಕೆ ಬಂತು. ಅಜ್ಜಿ ಎಣಿಸಿದಳು. ಕೆಂಡವ್ವ ಮೊರದತ್ತ ಬಗ್ಗಿ ನೋಡಿದಳು. ಅಜ್ಜಿ ಇನ್ನೂ ಎಣಿಸಿದಳು. ಕೊನೆಗೆ ತಲೆ ಎತ್ತಿದಳು.

“ಕೆಂಡವ್ವನ ಬೆಳಕಿಗೆ ನೂರಕ್ಕೆ ನಾಲ್ಕು ಕಣ ಒಂದೇ ಗೆರೆ ಹಿಡಿದು ಹಾರಿವೆ. ಇವಳು ಸುತ್ತಿದ ಹಾಗೆ ಆ ಗೆರೆಯೂ ಆಚೆ ಈಚೆ ವಾಲುತ್ತದೆ.”

“ನಾಲ್ಕೇ?” ಎಂದಳು ಬೆಳಗವ್ವ.

“ನಾಲ್ಕು ಸಾಕು. ನಿನ್ನದರಲ್ಲಿ ಒಂದೂ ಇಲ್ಲವಲ್ಲ. ಅರಳೆ ಯಾರದಾದರೂ ಇರಲಿ, ಬೆಳಕನ್ನು ಗೆರೆಯಾಗಿ ಬಾಚಿದ ಕೈ ಇವಳದ್ದು.”

ಕೆಂಡವ್ವ ಗೆದ್ದಳು. ಆದರೆ ಹೊಟ್ಟೆಕಿಚ್ಚು ಗೆದ್ದ ಮೇಲೂ ಹಸಿದೇ ಇರುತ್ತದೆ. ಅವಳು ಎಳೆಯುತ್ತಲೇ ಹೋದಳು.

“ಸಾಕು ಮಾಡೇ ತಂಗಿ,” ಎಂದಳು ಬೆಳಗವ್ವ, ಸೊರಗಿದ ದನಿಯಲ್ಲಿ.

“ಇನ್ನೊಂದೇ ಎಳೆ ಅಕ್ಕ.”

ಇನ್ನೊಂದು ಎಳೆ, ಮತ್ತೊಂದು ಎಳೆ. ಅಕ್ಕ ಕರಗಿ ಕರಗಿ, ದೀಪ ಆರಿದ ಮೇಲಿನ ಬತ್ತಿಯ ಕುಡಿಯಷ್ಟಾದಳು. ಮಾತೂ ನಿಂತಿತು.

ಅದಕ್ಕೇ ಕೂಸೇ, ಇವತ್ತಿಗೂ ನೀನು ಅವರಿದ್ದ ಕಡೆ ನೋಡಿದರೆ ಬರೀ ಕತ್ತಲೆ ಕಾಣುತ್ತದೆ. ಮನುಷ್ಯರು ಮುಗಿಲಾಚೆ ಇಟ್ಟ ಯಂತ್ರದ ಕಣ್ಣಿಗೆ ಮಾತ್ರ, ದಿನಗಟ್ಟಲೆ ಎಣಿಸಿದ ಮೇಲೆ, ಗೆರೆ ಹಿಡಿದು ವಾಲುವ ಒಂದು ಬೆಳಕು ಸಿಗುತ್ತದೆ. ಅದು ಪೂರ್ತಿ ಕೆಂಡವ್ವನ ಸ್ವಂತದ್ದು. ಅದಕ್ಕೆ ಅವಳು ತೆತ್ತದ್ದು, ಇದ್ದ ಒಬ್ಬಳೇ ಅಕ್ಕನನ್ನು.