ಮಹಾಪೂರದ ಕಾರ್ಡು

“ಮಾವ, ಸಾಯುವುದು ಖಚಿತವಾಗಿರುವವರ ಎದುರು ಬೇಕೆಂದೇ ಸೋಲುವುದು ತಪ್ಪೇ?” ಎಂದು ಕಸ್ತೂರಿ ಕೇಳಿದಳು.

ಮೈಲಾರಪ್ಪ ಮಾವನದು ಗಡಿಯಾರ ರಿಪೇರಿಯ ಅಂಗಡಿ. ಆದರೆ ಅಲ್ಲಿಗೆ ಗಡಿಯಾರ ತರುವವರಿಗಿಂತ, ಫೋನಿನಲ್ಲಿ ಆಡುವ ಕಾರ್ಡಿನ ಆಟ ಕಲಿಯಲು ಬರುವವರೇ ಹೆಚ್ಚು. ಕಸ್ತೂರಿ ಅವರ ತಂಗಿಯ ಮಗಳು, ಶಿಷ್ಯರಲ್ಲಿ ಮೊದಲನೆಯವಳು. ಅವಳ ಗೆಳತಿ ಪದ್ಮಲತಾಗೆ ರಕ್ತದ ಕಾಯಿಲೆ. ಇನ್ನು ಎರಡು ತಿಂಗಳು ಎಂದು ವೈದ್ಯರು ಹೇಳಿದ್ದರು. ಗೆಳತಿಯರಿಬ್ಬರೂ ದಿನವೂ ಆ ಆಟ ಆಡುತ್ತಿದ್ದರು.

“ಸೋಲುವ ವಿಷಯ ನನ್ನನ್ನು ಕೇಳುತ್ತೀಯಲ್ಲ ಮಗಳೇ! ಮೀನನ್ನು ಕರೆದು ಮರ ಹತ್ತುವುದು ಹೇಗೆಂದು ಕೇಳಿದ ಹಾಗಾಯಿತು. ನಾನು ಫೋನು ಕೈಗೆತ್ತಿಕೊಂಡರೆ ಮೂರು ತಾಲ್ಲೂಕಿನ ಟವರುಗಳು ತಲೆ ಬಾಗಿಸುತ್ತವೆ. ಒಮ್ಮೆ ಒಬ್ಬ ನನ್ನೆದುರು ಎಷ್ಟು ಬೇಗ ಸೋತನೆಂದರೆ, ಆಟ ಶುರು ಮಾಡಲು ಒತ್ತಿದ ಬೆರಳನ್ನು ಅವನು ಇನ್ನೂ ಎತ್ತಿರಲಿಲ್ಲ. ಇರಲಿ, ಕೇಳಿದ್ದೀಯ. ಒಂದು ಕತೆ ಹೇಳುತ್ತೇನೆ. ಇದರಲ್ಲಿ ನಾನಿಲ್ಲ. ಹಾಗಾಗಿ ಇದು ನಿಜ.”

ಮಾವ ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ನೇಕಾರನೂ ಒಬ್ಬ ದರ್ಜಿಯೂ ಇದ್ದರು. ಇಬ್ಬರೂ ಗೆಳೆಯರು. ಸಂಜೆ ಕೆಲಸ ಮುಗಿದ ಮೇಲೆ ಎದುರೆದುರು ಕುಳಿತು, ತಮ್ಮ ತಮ್ಮ ಫೋನುಗಳಲ್ಲಿ ಇದೇ ಆಟ ಆಡುತ್ತಿದ್ದರು. ಆಟದ ನಿಯಮ ಸರಳ. ಒಬ್ಬೊಬ್ಬರಿಗೂ ಮೂವತ್ತು ಪ್ರಾಣ, ಮೂವತ್ತು ಕಾರ್ಡಿನ ಒಂದು ಡೆಕ್. ಸಾವಿರ ಕಾರ್ಡುಗಳಲ್ಲಿ ಯಾವ ಮೂವತ್ತು ಎಂಬುದನ್ನು ಆಡುವವನೇ ಆರಿಸಿ ಕಟ್ಟಿಕೊಳ್ಳಬೇಕು. ಸರದಿಗೆ ಒಂದು ನಿಮಿಷ. ಅಷ್ಟರಲ್ಲಿ ಆಡದವನು ಸೋತಂತೆ. ಎದುರಾಳಿಯ ಪ್ರಾಣವನ್ನು ಸೊನ್ನೆಗೆ ಇಳಿಸಿದವನು ಗೆದ್ದಂತೆ.

ನೇಕಾರನ ಡೆಕ್ ಬೆಂಕಿಯದು. ಸುತ್ತಲ ಊರುಗಳಲ್ಲಿ ಅದಕ್ಕೆ ಹೆಸರಿತ್ತು. ನನ್ನ ಕಿರುಬೆರಳಿಗೂ ಸಮವಲ್ಲ, ಆ ಮಾತು ಬೇರೆ. ದರ್ಜಿಯ ಡೆಕ್ ಹೊಳೆಯದು. ಮೂವತ್ತರಲ್ಲಿ ಹೊಳೆಗೆ ಸೇರದ ಕಾರ್ಡು ಒಂದೂ ಇರಲಿಲ್ಲ. ಕಪ್ಪೆ, ಏಡಿ, ನೀರುನಾಯಿ, ಹರಿಗೋಲು, ಅಂಬಿಗ. ಎಲ್ಲವೂ ಎರಡು ಏಟಿಗೆ ಬೀಳುವಂಥವು. ಮೂವತ್ತನೆಯದು ಮಾತ್ರ ಬೇರೆ. ಅದರ ಹೆಸರು ಮಹಾಪೂರ. ಅದನ್ನು ಇಳಿಸಿದರೆ, ಅಲ್ಲಿಯವರೆಗೆ ಸತ್ತ ಹೊಳೆಯ ಜೀವಗಳೆಲ್ಲ ಒಟ್ಟಿಗೆ ಎದ್ದು ಎದುರಾಳಿಯ ಮೇಲೆ ಬೀಳುತ್ತವೆ. ಆದರೆ ಅದಕ್ಕೊಂದು ಕಟ್ಟಳೆಯಿತ್ತು. ಆಡುವವನ ಪ್ರಾಣ ಮೂರಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿರಬೇಕು.

ಆ ಕಾರ್ಡನ್ನು ಊರಿನಲ್ಲಿ ಬೇರೆ ಯಾರೂ ಇಟ್ಟುಕೊಂಡಿರಲಿಲ್ಲ. ನೇಕಾರನ ಬೆಂಕಿಯೆದುರು ಮೂರಕ್ಕೆ ಇಳಿದು ನಿಲ್ಲಲು ಸಾಧ್ಯವಿರಲಿಲ್ಲ. ಎಂಟೋ ಒಂಬತ್ತೋ ಪ್ರಾಣವಿದ್ದಾಗಲೇ ಅದು ಒಂದೇ ಏಟಿಗೆ ಸೊನ್ನೆ ಮಾಡುತ್ತಿತ್ತು. ದರ್ಜಿ ಪ್ರತಿ ಸೋಲಿನ ಮೇಲೂ ಒಂದು ಕಾರ್ಡು ತೆಗೆದು ಇನ್ನೊಂದು ಹಾಕುತ್ತಿದ್ದ. ಏಡಿ ಹೋಗಿ ಆಮೆ ಬಂತು. ಇನ್ನೊಂದೇ ಒಂದು ಸರದಿ ಉಳಿದುಕೊಂಡರೆ ಸಾಕು ಎಂಬುದು ಅವನ ಆಸೆ.

“ಆ ದರಿದ್ರ ಕಾರ್ಡನ್ನು ಕಿತ್ತು ಬಿಸಾಡೋ,” ಎಂದ ನೇಕಾರ.

“ಹೊಳೆ ಕಟ್ಟಿ ಪೂರ ಬೇಡವೆಂದರೆ ಅದು ಬಚ್ಚಲಾಗುತ್ತದೆ ಕಣೋ. ಸಾಯುವುದರೊಳಗೆ ಒಂದು ಸಲ ನಿನ್ನ ಬೆಂಕಿಯನ್ನು ಕೊಚ್ಚಿಕೊಂಡು ಹೋಗುತ್ತೇನೆ, ನೋಡುತ್ತಿರು,” ಎಂದ ದರ್ಜಿ.

ಆ ವರ್ಷವೇ ದರ್ಜಿಯ ಮೂತ್ರಪಿಂಡಗಳು ಕೆಟ್ಟವು. ಆಸ್ಪತ್ರೆಗೆ ಸೇರಿಸಿದರು. ದಿನಕ್ಕೆ ಎರಡು ಲೋಟಕ್ಕಿಂತ ಹೆಚ್ಚು ನೀರು ಕುಡಿಯಬಾರದು ಎಂದರು. ಹೊಳೆಯ ಡೆಕ್ ಕಟ್ಟಿದವನಿಗೆ ಎರಡು ಲೋಟ ನೀರು. ಇನ್ನು ಹೆಚ್ಚು ದಿನವಿಲ್ಲ ಎಂಬುದು ನೇಕಾರನಿಗೂ ತಿಳಿಯಿತು, ದರ್ಜಿಗೂ ತಿಳಿದಿತ್ತು. ನೇಕಾರ ಹಾಸಿಗೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರತೊಡಗಿದ. ಆಟ ನಿಲ್ಲಲಿಲ್ಲ.

ಆದರೆ ಮೊದಲ ದಿನವೇ ನೇಕಾರ ತನ್ನ ಡೆಕ್ಕಿನಿಂದ ಉರಿಯುವುದನ್ನೆಲ್ಲ ತೆಗೆದುಬಿಟ್ಟಿದ್ದ. ಕಿಡಿ, ಹೊಗೆ, ಬೂದಿಗಳನ್ನು ಉಳಿಸಿದ್ದ. ಕಾಳ್ಗಿಚ್ಚು ಎಂಬ ದೊಡ್ಡ ಕಾರ್ಡನ್ನು ಮಾತ್ರ ತೆಗೆಯಲು ಮನಸ್ಸು ಬಂದಿರಲಿಲ್ಲ. ಅದು ಕೈಗೆ ಬಂದರೂ ಇಳಿಸುತ್ತಿರಲಿಲ್ಲ. ಗೆಳೆಯನ ಪ್ರಾಣ ಹತ್ತರ ಹತ್ತಿರ ಬಂದರೆ ಏಟನ್ನು ಯಾವುದೋ ಕಪ್ಪೆಯ ಮೇಲೆ ಹೊರಳಿಸುತ್ತಿದ್ದ.

ದರ್ಜಿ ಗೆದ್ದ. ಮರುದಿನವೂ ಗೆದ್ದ. ನರ್ಸನ್ನು ಕರೆದು, “ನೋಡಮ್ಮ, ಊರಿಗೆ ಬೆಂಕಿ ಇಡುವವನಿಗೆ ನೀರು ಕುಡಿಸಿದೆ,” ಎಂದ. ಮೂರು ದಿನ ಎದ್ದು ಕುಳಿತು ಆಡಿದ. ಆಮೇಲೆ ಒರಗಿಕೊಂಡು ಆಡಿದ. ಆಮೇಲೆ ಮಲಗಿಯೇ ಆಡಿದ. ಮಹಾಪೂರ ಅವನ ಕೈಗೆ ಬರುತ್ತಿತ್ತು. ಆದರೆ ಹನ್ನೆರಡೋ ಹದಿನೈದೋ ಪ್ರಾಣ ಉಳಿದಿರುವಾಗಲೇ ಅವನು ಗೆದ್ದು, ಆಟ ಮುಗಿಯುತ್ತಿತ್ತು. ಹೊಳೆ ಗೆಲ್ಲುತ್ತಿತ್ತು, ಪೂರ ಬರುತ್ತಿರಲಿಲ್ಲ. ದರ್ಜಿ ನರ್ಸನ್ನು ಕರೆಯುವುದನ್ನು ಬಿಟ್ಟ.

ಆಟ ಮುಗಿದ ಮೇಲೆ ಅದರ ದಾಖಲೆ ತೆರೆದರೆ ಎದುರಾಳಿಯ ಕೈಯಲ್ಲಿ ಉಳಿದ ಕಾರ್ಡುಗಳು ಕಾಣುತ್ತವೆ. ಗೆದ್ದವರು ಅದನ್ನು ತೆರೆಯುವುದಿಲ್ಲ. ಎಲ್ಲಿ ಎಡವಿದೆ ಎಂದು ತಿಳಿಯಲು ಸೋತವರು ತೆರೆಯುತ್ತಾರೆ. ನೇಕಾರ ನಂಬಿಕೊಂಡಿದ್ದು ಇದನ್ನೇ. ಹನ್ನೊಂದನೆಯ ದಿನ, ಗೆದ್ದ ದರ್ಜಿ ದಾಖಲೆ ತೆರೆದ.

“ಕಾಳ್ಗಿಚ್ಚನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೀಯಲ್ಲೋ. ಎಷ್ಟು ದಿನದಿಂದ ಈ ನಾಟಕ?”

“ಹನ್ನೊಂದು ದಿನದಿಂದ.”

“ಹಾಗಾದರೆ ನನ್ನನ್ನು ಮಣ್ಣು ಮಾಡಿ ಹನ್ನೊಂದು ದಿನವಾಯಿತು ಅನ್ನು. ಇವತ್ತು ಕರ್ಮದ ಊಟ. ಏನು ಮಾಡಿಸಿದ್ದೀಯಪ್ಪ, ಬರೀ ವಡೆಯೋ, ಪಾಯಸವೂ ಉಂಟೋ?”

ದರ್ಜಿ ಗೋಡೆಯ ಕಡೆ ಹೊರಳಿಕೊಂಡ. “ನಾಳೆ ಬೆಂಕಿ ತಾ,” ಎಂದ.

ಮರುದಿನ ನೇಕಾರ ಹಳೆಯ ಡೆಕ್ ತಂದ. ಒಂದು ಕಾರ್ಡೂ ಕಡಿಮೆಯಿರಲಿಲ್ಲ. ಒಂದು ಏಟನ್ನೂ ಹೊರಳಿಸಲಿಲ್ಲ. ಕಪ್ಪೆ ಸತ್ತಿತು. ನೀರುನಾಯಿ ಸತ್ತಿತು. ಅಂಬಿಗ ಸತ್ತ. ದರ್ಜಿಯ ಪ್ರಾಣ ಹದಿನಾಲ್ಕಕ್ಕೆ ಇಳಿಯಿತು, ಒಂಬತ್ತಕ್ಕೆ ಇಳಿಯಿತು. ನೇಕಾರ ಕಾಳ್ಗಿಚ್ಚನ್ನು ಇಳಿಸಿದ. ಒಂಬತ್ತೂ ಹೋಗಬೇಕಿತ್ತು. ಆಮೆ ಅಡ್ಡ ಬಂದು ಸತ್ತಿತು. ಮೂರು ಉಳಿಯಿತು.

ಸರದಿ ದರ್ಜಿಯದು.

“ದಿಂಬು ಎತ್ತೋ, ಹೊಳೆ ಬರುತ್ತಿದೆ,” ಎಂದ.

ನೇಕಾರ ಫೋನನ್ನು ಕೆಳಗಿಟ್ಟು, ದಿಂಬನ್ನು ಎತ್ತರಿಸಿ, ಗೆಳೆಯನ ತಲೆಯನ್ನು ಅದಕ್ಕೆ ಒರಗಿಸಿದ. ತಲೆ ವಾಲಿತು. ನೇರ ಮಾಡಿದ. ಮತ್ತೆ ವಾಲಿತು. ಅವನು ನರ್ಸನ್ನು ಕೂಗಿದ. ನರ್ಸು ಓಡಿ ಬರುವುದರೊಳಗೆ ಆ ಒಂದು ನಿಮಿಷ ಮುಗಿದಿತ್ತು. ಸ್ಟೂಲಿನ ಬಳಿ ಇದ್ದ ನೇಕಾರನ ಫೋನಿನಲ್ಲಿ ‘ಗೆಲುವು ನಿಮ್ಮದು’ ಎಂದು ಬಂತು. ಬಣ್ಣದ ಚೂರುಗಳು ಉದುರಿದವು. ತುತ್ತೂರಿ ಮೊಳಗಿತು. ದರ್ಜಿ ಕಣ್ಣು ತೆರೆಯಲಿಲ್ಲ. ಸೂರ್ಯ ಮುಳುಗುವ ಮೊದಲೇ ಪ್ರಾಣ ಹೋಯಿತು.

ಗೆಳೆಯನನ್ನು ಮಣ್ಣು ಮಾಡಿ ಬಂದ ಮೇಲೆ ನೇಕಾರ ಆ ಆಟದ ದಾಖಲೆ ತೆರೆದ. ದರ್ಜಿಯ ಕೈಯಲ್ಲಿ ಮಹಾಪೂರವಿತ್ತು. ಹೊಳೆಯ ಸತ್ತ ಜೀವಗಳು ಹತ್ತು ಇದ್ದವು. ಅವುಗಳ ಬಲ ಕೂಡಿಸಿದರೆ ಇಪ್ಪತ್ತೆರಡು. ನೇಕಾರನಲ್ಲಿ ಉಳಿದಿದ್ದ ಪ್ರಾಣ ಹತ್ತೊಂಬತ್ತು. ಕಾರ್ಡು ಇಳಿಸಲು ಒಂದು ಬೆರಳು ಸಾಕಿತ್ತು. ಹನ್ನೊಂದು ದಿನದ ಹಿಂದೆ ಆ ಬೆರಳಿನಲ್ಲಿ ಶಕ್ತಿಯಿತ್ತು.

ಮಾವ ಇಲ್ಲಿಗೆ ಕತೆ ನಿಲ್ಲಿಸಿದರು.

“ಆದರೆ ನೇಕಾರ ಕೆಟ್ಟವನಲ್ಲವಲ್ಲ, ಮಾವ. ಪ್ರೀತಿಯಿಂದಲೇ ತಾನೇ ಅವನು ಹಾಗೆ ಮಾಡಿದ್ದು?” ಎಂದಳು ಕಸ್ತೂರಿ.

ಮಾವ ಅವಳ ಕಡೆ ಕೈ ಚಾಚಿದರು. ಅವಳು ಫೋನು ಕೊಟ್ಟಳು. ಗೆಳತಿಯೆದುರು ಆಡಲು ಅವಳು ಹೊಸದಾಗಿ ಕಟ್ಟಿದ್ದ ಡೆಕ್ಕನ್ನು ತೆರೆದು, ಮೂವತ್ತೂ ಕಾರ್ಡುಗಳನ್ನು ಒಂದೊಂದಾಗಿ ನೋಡಿದರು. ಕೊಲ್ಲುವ ಕಾರ್ಡು ಅದರಲ್ಲಿ ಒಂದೂ ಇರಲಿಲ್ಲ.

“ಇದನ್ನು ಕಟ್ಟಿ ಎಷ್ಟು ದಿನವಾಯಿತು?”

“ನಾಲ್ಕು ದಿನ, ಮಾವ.”

“ಹಾಗಾದರೆ ಪದ್ಮಲತಾ ತೀರಿಕೊಂಡು ನಾಲ್ಕು ದಿನವಾಯಿತು,” ಎಂದರು ಮಾವ.