ಹುಂಜ ತೆಗೆದ ಸಿನಿಮಾ

ತಿಪ್ಪೆಯ ಮೇಲೊಂದು ಹುಂಜ ಇತ್ತು. ಅದು ಕೂಗಿದರೆ ಏಳು ಊರಿನ ಮಡಕೆಗಳು ಬಿರುಕು ಬಿಡುತ್ತಿದ್ದವು. ಸುಳ್ಳೆನ್ನುವವರು ಕುಂಬಾರರನ್ನು ಕೇಳಿ ಬನ್ನಿ. ಯಾರೋ ಬೀಳಿಸಿಕೊಂಡು ಹೋದ ಮೊಬೈಲು ಸಿಕ್ಕ ಮೇಲೆ ಹುಂಜ ತನ್ನ ಕೂಗನ್ನೇ ಹಾಡು ಮಾಡಿ ಲೋಕಕ್ಕೆ ಬಿಟ್ಟಿತು. ಲೋಕ ಕೊಂಡಾಡಿತು. ಬರಬರುತ್ತಾ ಹಾಡು ಹಳತಾಯಿತು. ಇನ್ನು ಸಿನಿಮಾ ತೆಗೆಯದಿದ್ದರೆ ಜನ ತನ್ನನ್ನು ಮರೆತಾರು ಎಂಬ ಚಿಂತೆ ಅದಕ್ಕೆ ಹತ್ತಿತು.

ಒಂದು ಮಧ್ಯಾಹ್ನ ಬೇಲಿಯ ಸಂದಿಯಿಂದ ನರಿ ನುಗ್ಗಿತು.

"ರೀ, ನರಿ ಬಂತು. ಸೂರು ಹತ್ತಿಕೊಳ್ಳಿ," ಎಂದಿತು ಹೇಂಟೆ.

ಹುಂಜ ಮೊಬೈಲನ್ನು ಒರಳುಕಲ್ಲಿಗೆ ಒರಗಿಸಿತು. "ಸುಮ್ಮನಿರೇ. ಇಂಥ ದೃಶ್ಯ ಬೇಡಿದರೂ ಸಿಗೋದಿಲ್ಲ. ನರಿರಾಯರೇ, ಮುಖಕ್ಕೆ ಬಿಸಿಲು ಬೀಳಲಿಲ್ಲ. ಹೊರಗೆ ಹೋಗಿ ಇನ್ನೊಮ್ಮೆ ಬನ್ನಿ."

ಹುಟ್ಟಿದಾಗಿನಿಂದ ತನ್ನನ್ನು ಯಾರೂ ರಾಯರೇ ಎಂದಿರಲಿಲ್ಲವಾದ್ದರಿಂದ ನರಿ ಹೋಗಿ ಮತ್ತೆ ಬಂತು.

"ಈಗ ಬಾಲ ಕಾಣಲಿಲ್ಲ. ಇನ್ನೊಂದು ಸಲ."

ಅಷ್ಟರಲ್ಲಿ ಹೇಂಟೆ ಮರಿಗಳನ್ನು ಕಟ್ಟಿಗೆ ರಾಶಿಯ ಸಂದಿಗೆ ತಳ್ಳಿ, ತಾನು ಸೂರಿಗೆ ಹಾರಿತು. "ನೀವೂ ಬನ್ನಿ, ರೀ."

"ಇದೇ ಕೊನೆ ಕಣೇ. ಬೆಳಕು ಈಗ ಸರಿಯಾಗಿದೆ."

ನರಿ ಬಿಸಿಲಿಗೆ ಮುಖ ಒಡ್ಡಿ, ಬಾಲ ಎತ್ತಿ, ಗಂಭೀರವಾಗಿ ಬಂತು. ಅಂಗಳದಲ್ಲಿ ಹುಂಜ ಬಿಟ್ಟು ಇನ್ನಾರೂ ಇರಲಿಲ್ಲ.

"ಮುಂದೇನು ಮಾಡಲಿ?" ಎಂದು ಕೇಳಿತು.

"ನನ್ನನ್ನು ಹಿಡಿಯೋ ಹಾಗೆ ಮಾಡಿ. ನೋಡಿದವರಿಗೆ ನಿಜ ಅನ್ನಿಸಬೇಕು."

ನರಿ ಹಾಗೇ ಮಾಡಿತು.

ಮೊಬೈಲು ಕಂಡದ್ದನ್ನು ಕಂಡ ಹಾಗೆ ಲೋಕಕ್ಕೆ ಬಿಟ್ಟಿತು. ಆ ಸಿನಿಮಾವನ್ನು ಹದಿನಾಲ್ಕು ಲೋಕವೂ ನೋಡಿ ತಲೆದೂಗಿತು. ನೋಡದೆ ಉಳಿದದ್ದು ಹುಂಜ ಒಂದೇ.